ಆರನೆಯ ಕಂಬ

ಮೆಟ್ಟಿಲಿಗೆ ಅಡ್ಡವಾಗಿ ಎಮ್ಮೆಯೊಂದು ಮಲಗಿರದಿದ್ದರೆ ಮೈಬೂಬಸಾಬ ಅವತ್ತೂ ಎಡಗಡೆಯ ಸರಪಳಿ ಹಿಡಿದೇ ಇಳಿಯುತ್ತಿದ್ದ, ಅವನ ಮಂಗಳವಾರ ಅದರ ಪಾಡಿಗೆ ಅದು ಕಳೆದುಹೋಗುತ್ತಿತ್ತು. ಎಮ್ಮೆ ಏಳಲಿಲ್ಲ. ಹಚಾ ಹಚಾ ಅಂದ, ಊಟದ ಚೀಲದಿಂದ ಅದರ ಬೆನ್ನು ತಟ್ಟಿದ, ಅದು ದೊಡ್ಡದಾಗಿ ಉಸಿರುಬಿಟ್ಟಿತೇ ಹೊರತು ಜಾಗ ಬಿಡಲಿಲ್ಲ. ಆತವ್ವಾ ಮಹಾರಾಣಿ, ನೀನೇ ಮಲಗು ಎಂದು ಅವನು ಬಲಗಡೆಯ ಕಲ್ಲುಹಾಸಿನ ಇಳಿಜಾರಿನಲ್ಲಿ ಕಾಲೂರಿ ಕಾಲೂರಿ ಇಳಿದ. ನಾಲ್ಕನೆಯ ಕಂಬ ದಾಟಿ ಹನ್ನೊಂದು ಹೆಜ್ಜೆ ಹಾಕಿದ್ದನೋ ಇಲ್ಲವೋ, ಮೊಣಕಾಲಿನ ಕೆಳಗೆ ಏನೋ ಕಚಕ್ಕೆಂದು ಹೊಕ್ಕಿತು. ಅಲ್ಲಾ ಎಂದು ಅಲ್ಲೇ ಕುಕ್ಕರಿಸಿ ಕೂತು ಕೈಯಾಡಿಸಿದ. ಕಬ್ಬಿಣದ ಸಳಿ, ನಾಲ್ಕು. ಸುತ್ತ ಒಡೆದ ಸಿಮೆಂಟು, ಚೌಕಾಕಾರದ ಅಂಚು. ಒಂದು ಗೇಣಿಗಿಂತ ಎತ್ತರವಿಲ್ಲದ ಮೋಟು. ಅದನ್ನು ಎರಡೂ ಅಂಗೈಯಿಂದ ಹಿಡಿದುಕೊಂಡು ಅವನು ಬಹಳ ಹೊತ್ತು ಕೂತೇ ಇದ್ದ, ಕಾಲಿನಿಂದ ರಕ್ತ ಇಳಿದು ಚಪ್ಪಲಿ ಅಂಟಂಟಾದದ್ದೂ ಗೊತ್ತಾಗದಂತೆ. ಐದನೆಯ ಕಂಬ ಮುರಿದುಹೋಗಿತ್ತು. ಹಾಗಾದರೆ ಹನ್ನೊಂದು ದಿನದಿಂದ ತಾನು ಐದನೆಯದೆಂದು ತಡವುತ್ತಿದ್ದ ಕಂಬ ಆರನೆಯದು.

ಅಣೆಕಟ್ಟಿನ ಒಳಮೈಯ ಇಳಿಜಾರಿನಲ್ಲಿ ಮೇಲಿನಿಂದ ಕೆಳಗೆ ಸಾಲಾಗಿ ನೆಟ್ಟ ಅಳತೆಯ ಕಂಬಗಳು, ಒಂದೊಂದೂ ಒಂದು ಮೀಟರು. ನೀರು ಇಳಿದಂತೆ ಅಳೆಯುವವನೂ ಕಂಬದಿಂದ ಕಂಬಕ್ಕೆ ಇಳಿಯಬೇಕು, ಬೆಳಗಿನ ಎಂಟಕ್ಕೆ ನೀರು ಮುಟ್ಟಿದ ಗುರುತು ನೋಡಿ ರಿಜಿಸ್ಟರಿನಲ್ಲಿ ಬರೆದು ಫೋನಿನಲ್ಲಿ ಹೇಳಬೇಕು. ಇಪ್ಪತ್ತಮೂರು ವರ್ಷ ಮೈಬೂಬಸಾಬ ಇದೊಂದೇ ಕೆಲಸ ಮಾಡಿದ್ದ. ನೋಡಿ ಅಂದೆನಲ್ಲ, ಅದು ಬಾಯಿರೂಢಿ. ಎರಡು ವರ್ಷದಿಂದ ಅವನಿಗೆ ಅಕ್ಷರ ಕಾಣುತ್ತಿರಲಿಲ್ಲ, ಒಂದು ವರ್ಷದಿಂದ ಮುಖ ಕಾಣುತ್ತಿರಲಿಲ್ಲ. ಬೆಳಕಿದ್ದರೆ ಬೆಳಕು ಕಾಣುತ್ತಿತ್ತು, ಅದರಲ್ಲಿ ಯಾರಾದರೂ ಅಲುಗಾಡಿದರೆ ನೆರಳು ಅಲುಗಾಡುತ್ತಿತ್ತು, ಅಷ್ಟೆ. ಮಡಗಾಂವಿನ ಕಣ್ಣಿನ ಡಾಕ್ಟರು, ನರ ಒಣಗಿದೆ, ಹೋದದ್ದು ವಾಪಸು ಬರುವುದಿಲ್ಲ ಎಂದು ಹೇಳಿದ್ದನ್ನು ಹೆಂಡತಿ ಮಾಶಾಬಿಯೊಬ್ಬಳು ಕೇಳಿಸಿಕೊಂಡಿದ್ದಳು. ಕಂಬದ ತಗಡಿನಲ್ಲಿ ಹತ್ತು ಸೆಂಟಿಮೀಟರಿಗೊಂದು ತಿರುಪು ಇದೆ. ಮೇಲಿನಿಂದ ತಿರುಪು ಎಣಿಸುತ್ತ ಬಂದು ಬೆರಳು ಒದ್ದೆಯಾದಲ್ಲಿ ನಿಲ್ಲಿಸಿದರೆ ಆಯಿತು, ಕಣ್ಣು ಯಾತಕ್ಕೆ? ಬರೆಯಲು ಮಾಶಾಬಿ ಬಿಸ್ಕತ್ತಿನ ರಟ್ಟಿನಲ್ಲಿ ಸಾಲಿನಷ್ಟು ಅಗಲದ ಕಿಂಡಿ ಕತ್ತರಿಸಿಕೊಟ್ಟಿದ್ದಳು, ಅದನ್ನು ಹಾಳೆಯ ಮೇಲಿಟ್ಟು ಕಿಂಡಿಯೊಳಗೆ ಬರೆದರೆ ಅಕ್ಷರ ಸಾಲು ತಪ್ಪುತ್ತಿರಲಿಲ್ಲ. ತಾನು ಕಣ್ಣಿದ್ದವರಿಗಿಂತ ಚಲೋ ಅಳೆಯುತ್ತೇನೆಂಬ ಜಂಬವೂ ಅವನಿಗೆ ಒಳಗೊಳಗೇ ಇತ್ತು.

ಆ ಜಂಬಕ್ಕೆ ಬೆಂಕಿ ಹಾಕ ಎಂದು ಈಗ ಮೋಟನ್ನು ಹಿಡಿದುಕೊಂಡೇ ಬೈದುಕೊಂಡ. ಅಣ್ಣ ತೀರಿಕೊಂಡ ನಲವತ್ತನೆಯ ದಿನಕ್ಕೆಂದು ಊರಿಗೆ ಹೋಗಿ ಹದಿನೆಂಟು ದಿನ ಉಳಿದಿದ್ದ. ಅಷ್ಟು ದಿನ ಗೇಟಿನ ಕಾವಲುಗಾರ ರಫೀಕ ಇವನ ಬದಲಿಗೆ ಬರೆದಿದ್ದ. ಕಂಬ ಮುರಿದದ್ದೂ ಆಗಲೇ ಇರಬೇಕು. ತಿರುಗಿ ಬಂದ ಬೆಳಿಗ್ಗೆ ರಿಜಿಸ್ಟರಿನ ಕೊನೆಯ ಸಾಲಿನಲ್ಲಿ ಎಷ್ಟಿದೆಯೋ ಓದಪ್ಪಾ ಎಂದು ರಫೀಕನನ್ನು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳುವುದು ಹೇಗೆ? ಇಪ್ಪತ್ತಮೂರು ವರ್ಷದ ರಿಜಿಸ್ಟರು ತನ್ನದು, ಓದಲಿಕ್ಕೆ ಇನ್ನೊಬ್ಬನೇ? ರಫೀಕ ಬರೆದ ಹಾಳೆಯನ್ನು ಮಗುಚಿ ಹೊಸ ಹಾಳೆಯಲ್ಲಿ ಶುರುಮಾಡಿದ. ಸರಪಳಿ ಹಿಡಿದು ಇಳಿಯುತ್ತ ಒಂದು, ಎರಡು, ಮೂರು, ನಾಲ್ಕು ಎಂದು ಕಂಬ ಮುಟ್ಟಿದ, ಮುಂದೆ ಕೈಗೆ ಸಿಕ್ಕಿದ್ದಕ್ಕೆ ಐದು ಎಂದ. ನಾಲ್ಕರಿಂದ ಐದಕ್ಕೆ ಯಾವಾಗಲೂ ಹನ್ನೊಂದು ಹೆಜ್ಜೆ, ಅವತ್ತು ಇಪ್ಪತ್ತೆರಡಾಗಿತ್ತು. ಆಗಿದ್ದು ಗೊತ್ತೂ ಆಗಿತ್ತು. ವಯಸ್ಸಾಯಿತು, ಹೆಜ್ಜೆ ಗಿಡ್ಡವಾದವು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ನೀರು ಕಂಬದ ನೆತ್ತಿಯ ಹತ್ತಿರವೇ ಇತ್ತು. ಹದಿನೆಂಟು ದಿನದಲ್ಲಿ ಒಂದು ಮೀಟರು ಇಳಿಯಬೇಕಾದದ್ದು ಇಳಿದೇ ಇಲ್ಲವಲ್ಲ! ಊರಿನಲ್ಲಿದ್ದಾಗ ಫೋನಿನಲ್ಲಿ ಮಾಶಾಬಿ, ಇಲ್ಲೆ ಎರಡು ದಿನ ಮಳಿ ಹೊಡೀತು ಅಂದಿದ್ದಳು, ಅದೇ ಇರಬೇಕು ಎಂದುಕೊಂಡು ಅವನಿಗೆ ಅಲ್ಲೇ ನೀರಿನ ದಂಡೆಯಲ್ಲಿ ನಗು ಬಂದಿತ್ತು.

ಎಂಟಾಗುತ್ತ ಬಂದಿತ್ತು. ಗೇಟಿನ ಹತ್ತಿರ ರಫೀಕನ ರೇಡಿಯೋದಲ್ಲಿ ಕೊಂಕಣಿ ಸುದ್ದಿ ಮುಗಿಯುವ ದನಿ ಕೇಳಿತು. ಮೈಬೂಬಸಾಬ ಕಾಲಿಗೆ ಕರವಸ್ತ್ರ ಬಿಗಿದುಕೊಂಡು ಮತ್ತೆ ಹನ್ನೊಂದು ಹೆಜ್ಜೆ ಕೆಳಗಿಳಿದು ಆ ಕಂಬದ ತಿರುಪು ಎಣಿಸಿದ. ಆರನೆಯ ಕಂಬದ ನೆತ್ತಿಯೆಂದರೆ ಮೂವತ್ತೊಂದು ಮೀಟರು, ಅಲ್ಲಿಂದ ಆರು ತಿರುಪು ಕೆಳಗೆ ನೀರು. ಮೂವತ್ತು ಪಾಯಿಂಟು ನಾಲ್ಕು. ನಿನ್ನೆಯವರೆಗೆ ಹೇಳುತ್ತ ಬಂದ ಲೆಕ್ಕದಲ್ಲಿ ಮೂವತ್ತೊಂದು ಪಾಯಿಂಟು ನಾಲ್ಕು. ಒಂದು ಮೀಟರೆಂದರೆ ಎಲ್ಲಾ ಕಡೆ ಒಂದೇ ಅಲ್ಲ, ಇದು ಕಾಗದ ಓದಿದವರಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಜುಲೈಯ ಮೇಲಿನ ಮೀಟರು ಗುಡ್ಡದಿಂದ ಗುಡ್ಡಕ್ಕೆ ಹಬ್ಬಿ ನಿಂತ ನೀರು, ಕಾಲುವೆಗೆ ಕೊಡು, ತೋಟಕ್ಕೆ ಕೊಡು, ಕಾರ್ಖಾನೆಗೆ ಕೊಡು, ಕರಗುವುದೇ ಇಲ್ಲ. ಮೇ ತಿಂಗಳಿನ ತಳದ ಮೀಟರು ಕೆಸರಿನ ನಡುವೆ ಉಳಿದ ಒಂದು ಪಟ್ಟಿ. ಅದರಲ್ಲಿ ಒಂದು ಮೀಟರು ಇಲ್ಲವೆಂದರೆ ಹದಿನೈದು ಇಪ್ಪತ್ತು ದಿನದ ಕುಡಿಯುವ ನೀರು ಇಲ್ಲ. ಫೋನಿನ ಎರಡನೆಯ ಗುಂಡಿ ಒತ್ತಿ ಹಿಡಿದ. ಪಣಜಿಯ ಕಂಟ್ರೋಲ್ ರೂಮಿನ ದನಿ ಎಂದಿನಂತೆ, “ಸಾಂಗ್”, ಹೇಳು, ಅಂದಿತು. ಹೇಳಿಬಿಡಬೇಕೆಂದೇ ಬಾಯಿ ತೆರೆದ. “ಮೂವತ್ತೊಂದು ಪಾಯಿಂಟ್ ನಾಲ್ಕು,” ಅಂತ ಬಾಯಿ ತಾನೇ ಹೇಳಿತು. “ಬರೆಂ,” ಸರಿ, ಎಂದು ಆ ದನಿ ಫೋನಿಟ್ಟಿತು. ಛೀ ಹಲ್ಕಾ ಎಂದು ಮೈಬೂಬಸಾಬ ಗಟ್ಟಿಯಾಗಿಯೇ ಅಂದ, ಎಮ್ಮೆಗೆ ಅಂದಂತೆ ಕೇಳಿರಬೇಕು, ಮೇಲಿನಿಂದ ರಫೀಕ ನಕ್ಕ.

ಇಷ್ಟೇ ಆಗಿದ್ದರೆ ತಿಂಗಳ ಕೊನೆಗೆ ಹೇಗೋ ಸರಿಮಾಡಬಹುದಿತ್ತು. ಆದರೆ ಅವನು ಆ ಸುದ್ದಿಯನ್ನು ತನ್ನೊಳಗೇ ಇಟ್ಟುಕೊಂಡಿರಲಿಲ್ಲವಲ್ಲ. ಕುಂಕಳ್ಳಿಯ ಕಾರ್ಖಾನೆಗಳ ಹಿಂದಿನ ಅವರ ಓಣಿಯಲ್ಲಿ ಎಂಬತ್ತು ಮನೆ, ಎಲ್ಲಾ ವಿಜಯಪುರ ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು, ನಾಲ್ಕು ನಲ್ಲಿ. ಅಲ್ಲಿ ಮೈಬೂಬಚಾಚಾ ಅಂದರೆ ಡ್ಯಾಮಿನ ಮನುಷ್ಯ. ಬಸ್ಸಿಳಿದು ಬರುವಾಗ ಪ್ರತಿ ಬಾಗಿಲಿನಿಂದಲೂ, ಚಾಚಾ, ಇವತ್ತ ಎಷ್ಟ ಐತ್ರಿ? ಎಂದು ಕೇಳುತ್ತಿದ್ದರು, ಅವನು ನಿಂತು ಹೇಳುತ್ತಿದ್ದ, ಹೇಳಿ ಮುಂದಿನ ಬಾಗಿಲಿಗೆ ಹೋಗುತ್ತಿದ್ದ. ಇಡೀ ದಿನದಲ್ಲಿ ಅವನ ಎದೆ ಅಗಲವಾಗುತ್ತಿದ್ದುದು ಆ ನೂರು ಹೆಜ್ಜೆಯಲ್ಲಿ ಮಾತ್ರ. ಹನ್ನೊಂದು ದಿನದ ಹಿಂದೆ ಅವನು ಬಸ್ ಸ್ಟಾಪಿನಿಂದಲೇ ಕೂಗಿಕೊಂಡು ಬಂದಿದ್ದ, ಒಂದು ಮೀಟರ ಹೆಚ್ಚೈತ್ರ್ಯೋ ಈ ಸಲ, ಮಳಿಗಾಲದತನಕ ಚಿಂತಿಲ್ಲ ಅಂತ. ಭಾಗವ್ವ ಎಂಬ ಮುದುಕಿ ಅವನ ಮುಖ ನೀವಾಳಿಸಿ ನೆಟಿಕೆ ಮುರಿದಿದ್ದಳು. ಅಂಥ ಓಣಿಗೆ ಶನಿವಾರದಿಂದ ನೀರು ದಿನ ಬಿಟ್ಟು ದಿನದ ಬದಲು ನಾಲ್ಕು ದಿನಕ್ಕೊಮ್ಮೆಯಾಯಿತು.

ನಿನ್ನೆ ಸಂಜೆ ಅವನ ಅಂಗಳದಲ್ಲೇ ಎಲ್ಲರೂ ಸೇರಿದ್ದರು. ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಶ್ವಿನಿ, ಓಣಿಯ ನೀರಿನ ಪಾಳಿ ಹಚ್ಚುವವಳು ಅವಳೇ, ಎಲ್ಲರೆದುರು ಕೇಳಿದಳು: “ಚಾಚಾ, ನೀವ ಹೇಳ್ರಿ. ಡ್ಯಾಮಿನ್ಯಾಗ ನೀರ ಐತೋ ಇಲ್ಲೋ?”

“ಐತವ್ವಾ. ನಾನ ಅಳತಿ ಮಾಡಿ ಬಂದೇನಿ.”

“ಮತ್ತ ನಮ್ಮ ನೀರ ಎಲ್ಲಿ ಹೊಂಟೈತಿ? ಆ ದೇವು ಕೀಲಿ ತಿರುವಿ ಕಾರ್ಖಾನಿ ಕಡೆ ಬಿಡಾಕತ್ತಾನ, ಮತ್ತೇನಲ್ಲ.”

ದೇವು ಎಂದರೆ ವಾಲ್ವು ತೆರೆಯುವವನು, ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಸೈಕಲ್ ಮೇಲೆ ಬರುವ ಇಲ್ಲಿಯದೇ ಊರಿನ ಬಡಕಲು ಮನುಷ್ಯ. ಅಶ್ವಿನಿಯ ಗಂಡ ಭೀಮಶಿ, ಲಾರಿಗೆ ಮಾಲು ತುಂಬುವವನು, “ನಾಳೆ ಸಂಜಿಕ ಬರ್ಲಿ ಮಗಾ, ಕೀಲಿ ಹಿಡಿಯೋ ಕೈನ ಮುರೀತೀನಿ,” ಅಂದ. ಯಾರೂ ಬೇಡ ಅನ್ನಲಿಲ್ಲ. ಮೈಬೂಬಸಾಬನೂ ಅನ್ನಲಿಲ್ಲ. ಅಂದಿದ್ದನೇ? ಛೆ, ಅನ್ನುವುದೇನು, ಹೌದಲ್ಲ ಎಂದು ತಲೆಯಾಡಿಸಿದ್ದ. ನೀರು ಇದೆಯೆಂದು ಅಳೆದು ಬಂದವನು ತಾನು, ಇಲ್ಲವೆನ್ನುವವನು ಕಳ್ಳನೇ ಇರಬೇಕು.

ಕಾಲಿನ ಗಾಯ ಉರಿಯುತ್ತಿತ್ತು. ಸಂಜೆ ಆರಕ್ಕೆ ದೇವು ಓಣಿಗೆ ಬರುತ್ತಾನೆ. ಅಷ್ಟರೊಳಗೆ ಹೇಳಬೇಕು, ಆದರೆ ಓಣಿಗೆ ಹೇಳುವ ಮೊದಲು ಆಫೀಸಿಗೆ ಹೇಳುವುದು ನ್ಯಾಯ. ಆಫೀಸಿನಿಂದ ಅಧಿಕಾರದ ಮಾತು ಬಂದರೆ ತನ್ನ ಕಣ್ಣಿನ ಮಾತು ಎತ್ತದೆಯೇ ಪಾರಾಗಬಹುದೋ ಏನೋ, ಎಂಬ ಸಣ್ಣ ಆಸೆಯೂ ಅದರೊಳಗಿತ್ತು. ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಮೇಲೆ ಹತ್ತಿದ. ಇಂಜಿನಿಯರ್ ರೂಪಾ ಮೇಡಂ ಬರುವುದು ಮಧ್ಯಾಹ್ನದ ಮೇಲೆ. ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತಿದ್ದ. ಮಾಶಾಬಿ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿದ, ಬಾಯಿಗೆ ಸೇರಲಿಲ್ಲ, ಎಮ್ಮೆಗೆ ಹಾಕಿ ಬಂದ. ಇಲ್ಲಿಗೆ ಮೊದಲು ಬಂದಾಗ ಇದೇ ಕಟ್ಟೆಯ ಮೇಲೆ ನಿಂತು ಆಚೆ ದಂಡೆಯ ಮರದಲ್ಲಿ ಕೂತ ಹಕ್ಕಿಯನ್ನು ಎಣಿಸಿದ್ದ. ಸಾಹೇಬರೊಬ್ಬರು, ಅರೆ ಇವನ ಕಣ್ಣು ನೋಡ್ರೋ, ಇವನನ್ನೇ ಅಳತೆಗೆ ಹಾಕಿ ಅಂದಿದ್ದರು. ಕಲ್ಲು ಹೊರುತ್ತಿದ್ದವನನ್ನು ಈ ಕೆಲಸಕ್ಕೆ ತಂದದ್ದು ಆ ಕಣ್ಣು.

ರೂಪಾ ಮೇಡಮ್ಮಿನ ತಾಯಿ ಕಾರವಾರದವರಾದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. “ಕೂತ್ಕೊಳ್ಳಿ ಚಾಚಾ. ಕಾಲಿಗೇನಾಯ್ತು?” ಅಂದರು. ಅವನು ಕೂರಲಿಲ್ಲ. ನಿಂತುಕೊಂಡೇ ಕಂಬದ ವಿಷಯ ಹೇಳಿದ, ಕಂಬದ ವಿಷಯ ಹೇಳಬೇಕಾದರೆ ತಿರುಪಿನ ವಿಷಯ, ತಿರುಪಿನ ವಿಷಯ ಹೇಳಬೇಕಾದರೆ ಕಣ್ಣಿನ ವಿಷಯ. ಹೇಳುತ್ತ ಹೇಳುತ್ತ ಎರಡು ವರ್ಷದ್ದೆಲ್ಲ ಬಂದುಬಿಟ್ಟಿತು. ಹಾಳೆ ಹಿಂದೆ ಮುಂದೆ ತಿರುಗಿಸುವ ಸದ್ದು. ಆಮೇಲೆ ಫಕ್ಕನೆ ಒಂದು ನಗು.

“ಚಾಚಾ, ಮೇ ತಿಂಗಳಲ್ಲಿ ನೀರು ಒಂದೇ ರಾತ್ರಿಗೆ ಒಂದು ಮೀಟರ್ ಮೇಲೆ ಬಂದಿದೆ ಇಲ್ಲಿ. ಈ ಹಾಳೆಯಲ್ಲಿ ಮೂವತ್ತೊಂದು, ಮುಂದಿನ ಹಾಳೆಯಲ್ಲಿ ಮೂವತ್ತೆರಡು. ಕೆಳಗೆ ನನ್ನ ಸಹಿಯೂ ಇದೆ ನೋಡಿ!”

ಅವನು ಕೈಮುಗಿದ. “ತಪ್ಪಾತ್ರಿ. ನನ್ನ ಮ್ಯಾಲೆ ಏನ ಮಾಡ್ತೀರೋ ಮಾಡ್ರಿ. ಆದ್ರ ಪಣಜಿಗೆ ಖರೇ ಲೆಕ್ಕ ಹೇಳಿಬಿಡ್ರಿ. ನನ್ನ ಮಾತ ನಂಬಿ ಅವ್ರು ನೀರ ಬಿಟ್ಟಿದ್ರ...”

“ಅಯ್ಯೋ, ಅದೆಲ್ಲ ಏನಿಲ್ಲ,” ಮೇಡಂ ಮೆಲ್ಲಗೆ ಅಂದರು. “ಎರಡು ವರ್ಷದಿಂದ ನೀರು ಬಿಡುವ ಗೋಪುರದ ಕೊಳವೆಯೊಳಗೆ ಯಂತ್ರ ಇದೆ. ಹದಿನೈದು ನಿಮಿಷಕ್ಕೊಮ್ಮೆ ಅದೇ ಪಣಜಿಗೆ ಹೇಳುತ್ತೆ. ಅವರ ಹತ್ತಿರ ಸರಿ ಲೆಕ್ಕವೇ ಇದೆ. ಅದನ್ನ ನೋಡಿಯೇ ಕಾಲುವೆ ನಿಲ್ಲಿಸಿದ್ದು, ಕಾರ್ಖಾನೆಗೆ ಅರ್ಧ ಮಾಡಿದ್ದು, ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ಅಂದಿದ್ದು.”

“ಮತ್ತ ನಾ ಫೋನ್ ಮಾಡೋದು?”

ಮೇಡಂ ರಿಜಿಸ್ಟರು ಮುಚ್ಚಿದ ಸದ್ದಾಯಿತು. “ಎತ್ತದೇ ಇದ್ರೆ ನಿಮಗೆ ಬೇಜಾರಾಗುತ್ತೆ ಅಂತ ಎತ್ತುತ್ತಾರೆ.”

ಮೈಬೂಬಸಾಬ ಆಗ ಕೂತ. ಕುರ್ಚಿ ಎಲ್ಲಿದೆಯೆಂದು ತಡವಿದ್ದನ್ನು ಮೇಡಂ ನೋಡಿದರೆಂಬುದು ಗೊತ್ತಾಯಿತು, ಮುಚ್ಚಿಡುವ ಮನಸ್ಸೂ ಆಗಲಿಲ್ಲ. ಎಷ್ಟೊಂದು ಬೆಳಿಗ್ಗೆಗಳು! ಜ್ವರದಲ್ಲಿ ಬಂದದ್ದಿದೆ, ಮಳೆಯಲ್ಲಿ ಪಾಚಿಯ ಮೇಲೆ ಜಾರಿ ಬಿದ್ದದ್ದಿದೆ, ಬೆರಳು ತಗಡಿಗೆ ಸಿಕ್ಕು ಕೊಯ್ದದ್ದಿದೆ. ಸುಳ್ಳು ಹೇಳಿ ಊರಿಗೆ ಊರೇ ಬಾಯಾರುವಂತೆ ಮಾಡಿದೆನೆಂದು ಬೆಳಗಿನಿಂದ ಸಾಯುತ್ತಿದ್ದವನಿಗೆ ನಿನ್ನಿಂದ ಏನೂ ಆಗಿಲ್ಲ ಅಂದರೆ ಹಗುರಾಗಬೇಕಿತ್ತು. ಆಗಲಿಲ್ಲ. ಅವನಿಗೆ ಅಳು ಬಂತು. ಮೇಡಂ ನೀರಿನ ಲೋಟವನ್ನು ಅವನ ಕೈಗೇ ಹಿಡಿಸಿದರು.

“ನಿವೃತ್ತಿಗೆ ಮೂರು ತಿಂಗಳಿದೆ ಅಲ್ವಾ? ಸುಮ್ಮನೆ ಬನ್ನಿ. ನೀರಿನ ಹತ್ತಿರ ಇಳಿಯಬೇಡಿ, ರಫೀಕ ಹೇಳಿದ್ದನ್ನ ಬರೆಯಿರಿ. ಆದರೆ ಕಣ್ಣಿನ ವಿಷಯ ಈ ಕೋಣೆ ಬಿಟ್ಟು ಹೋಗೋದು ಬೇಡ ಚಾಚಾ. ಕಣ್ಣು ಕಾಣದವರನ್ನ ಡ್ಯಾಮಿನೊಳಗೆ ಇಳಿಸಿದ್ರಿ ಅಂತ ನಾಳೆ ನನ್ನ ಕೇಳ್ತಾರೆ. ಆಗ ನಿಮ್ಮನ್ನ ಇಟ್ಕೊಳ್ಳೋಕೆ ನನ್ನಿಂದ ಆಗೋದಿಲ್ಲ. ಹೊರಗೆ ಗೊತ್ತಾದರೆ ಅವತ್ತೇ ಕೆಲಸ ಹೋಗುತ್ತೆ.”

ಎಂಥ ಒಳ್ಳೆಯ ಹುಡುಗಿ ಎಂದು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅನ್ನಿಸಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದೂ ಅನ್ನಿಸಿತು. ಮೂರು ತಿಂಗಳು. ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆಯಿಂದ ಹೂಮಾಲೆ ಹಾಕಿಸಿಕೊಂಡು ಮನೆಗೆ ಬರಬಹುದು, ಓಣಿಯಲ್ಲಿ ಸಾಯುವತನಕ ಡ್ಯಾಮಿನ ಚಾಚಾ. ದೇವುನಿಗೂ ತೊಂದರೆಯಾಗಬಾರದು, ತನ್ನ ಕಣ್ಣಿನ ಮಾತೂ ಬರಬಾರದು, ಅಂಥದ್ದೊಂದು ಸುಳ್ಳು ಹೊಂದಿಸಬೇಕು. ಇವತ್ತು ಒಮ್ಮೆಲೇ ನೀರು ಇಳಿದುಬಿಟ್ಟಿತು ಅಂದರೆ? ಒಂದು ಮೀಟರು ಒಂದು ದಿನಕ್ಕೆ ಎಲ್ಲಿಗೆ ಹೋಯಿತು ಎಂದು ಅಶ್ವಿನಿ ಕೇಳುತ್ತಾಳೆ, ಅವಳು ಬಿಡುವವಳಲ್ಲ. ಕಂಬ ಬದಲಾಯಿಸಿದರು ಅಂದರೆ? ಬಸ್ಸು ಒಂದು ತಿರುವಿನಲ್ಲಿ ಕೆಟ್ಟು ನಿಂತಿತು. ಇಲ್ಲೇ ತಡವಾದರೆ ದೇವುನ ಮೇಲೆ ಏನಾಗಬೇಕೋ ಅದು ತಾನಿಲ್ಲದಾಗಲೇ ಆಗಿ ಮುಗಿದಿರುತ್ತದಲ್ಲ ಎಂಬ ಯೋಚನೆ ಬಂದು ಅವನಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಡ್ರೈವರ್ ಇಳಿದು ಏನೋ ಬಡಿದ. ಅರ್ಧ ತಾಸಿನ ಮೇಲೆ ಹೊರಟಿತು. ಕುಂಕಳ್ಳಿಯಲ್ಲಿ ಇಳಿಯುವಾಗ ಬೆಳಕು ಬೂದಿಯಾಗಿತ್ತು, ಆ ಹೊತ್ತಿನಲ್ಲಿ ಅವನಿಗೆ ನೆರಳು ಕೂಡ ಕಾಣುತ್ತಿರಲಿಲ್ಲ.

ಓಣಿಯ ಬಾಯಲ್ಲೇ ಗದ್ದಲ. ಕೊಡಗಳು ಒಂದಕ್ಕೊಂದು ತಾಗುವ ಸದ್ದು, ಹೆಂಗಸರ ಬೈಗುಳ, ನಡುವೆ ಅಳುವಂಥ ಒಂದು ಗಂಡುದನಿ: “ಹಾಂವೆಂ ಕಿತೆಂ ಕರ್ಚೆಂ? ನಾನೇನ್ ಮಾಡ್ಲಿ? ಮೇಲಿನವರು ಹೇಳಿದ್ದು!” ಸೈಕಲ್ ಬಿದ್ದಿತ್ತು, ಮೈಬೂಬಸಾಬನ ಗಾಯದ ಕಾಲು ಅದರ ಚಕ್ರಕ್ಕೆ ತಾಗಿ ಜೀವ ಹೋದಂತಾಯಿತು. ಯಾರೋ, “ಚಾಚಾ ಬಂದ್ರು, ದಾರಿ ಬಿಡ್ರಿ,” ಅಂದರು. ಜನ ಇಬ್ಭಾಗವಾಗಿ ಅವನನ್ನು ಒಳಗೆ ಕರೆದುಕೊಂಡರು.

“ಹೇಳ್ರಿ ಚಾಚಾ ಇವಗ,” ಭೀಮಶಿ ಏದುಸಿರು ಬಿಡುತ್ತಿದ್ದ, ದೇವುನ ಕೊರಳಪಟ್ಟಿ ಅವನ ಮುಷ್ಟಿಯಲ್ಲಿದ್ದದ್ದು ದೇವು ಉಸಿರಾಡುವ ರೀತಿಯಿಂದಲೇ ತಿಳಿಯುತ್ತಿತ್ತು. “ಇವತ್ತ ಎಷ್ಟ ಐತಿ ಹೇಳ್ರಿ, ಇವನ ಮುಂದನ ಹೇಳ್ರಿ.”

“ಬಿಡೋ ಅವನ್ನ. ನೀರ ಇಲ್ಲ.”

“ನಿನ್ನಿ ಇತ್ತಲ್ರಿ?” ಅಶ್ವಿನಿಯ ದನಿ.

“ನಿನ್ನಿನೂ ಇರಲಿಲ್ಲವ್ವಾ. ನಾ ತಪ್ಪ ಹೇಳೇನಿ. ಹನ್ನೊಂದು ದಿನಾತು, ತಪ್ಪ ಹೇಳಾಕತ್ತೇನಿ. ಅವಂದೇನೂ ತಪ್ಪಿಲ್ಲ.”

ಹಿಂದಿನಿಂದ ಯಾರೋ, ಸಾಹೇಬ್ರು ಹೆದರಿಸ್ಯಾರ ನೋಡ್ರಿ ಪಾಪ ಅಂದರು, ಇನ್ನೊಬ್ಬರು ಹೌದು ಹೌದು ಅಂದರು. ಭಾಗವ್ವ, “ನೌಕರಿ ಕಳೀತೀನಿ ಅಂದಿರಬೇಕ ಆ ಇಂಜಿನಿಯರ್, ಇಲ್ಲಂದ್ರ ನಮ್ಮ ಮೈಬೂಬ ಸುಳ್ಳ ಹೇಳೋ ಮನಷ್ಯಾನ?” ಎಂದು ಅವನ ಬೆನ್ನು ಸವರಿದಳು. ಆ ಮುದಿ ಕೈಯ ಪ್ರೀತಿಯನ್ನು ಅವನಿಗೆ ತಾಳಲಾಗಲಿಲ್ಲ. ಏಟು ಬಿದ್ದ ಸದ್ದಾಯಿತು, ದೇವು ಆಯ್ ಎಂದು ಕಿರುಚಿದ.

“ನನಗ ಕಣ್ಣ ಕಾಣಂಗಿಲ್ಲ!” ಮೈಬೂಬಸಾಬ ಕೂಗಿದ. “ಕೇಳ್ರಿ ಇಲ್ಲೆ! ಎರಡು ವರ್ಷಾತು, ನನಗ ಕಣ್ಣ ಕಾಣಂಗಿಲ್ಲ. ಕೈಯಿಂದ ತಡವಿ ಬರೀತಿದ್ದೆ. ಕಂಬ ತಪ್ಪಿತು. ಯಾರೂ ನನ್ನ ಹೆದರಿಸಿಲ್ಲ.”

“ಸುಮ್ನಿರ್ರಿ ಚಾಚಾ,” ಯಾರೋ ನಕ್ಕರು. “ದಿನಾ ಒಬ್ಬರ ಬರ್ತೀರಿ, ಒಬ್ಬರ ಹೋಗ್ತೀರಿ. ಎಲ್ಲಾರನೂ ಹೆಸರ ಹಿಡದ ಮಾತಾಡಸ್ತೀರಿ. ಕಣ್ಣ ಕಾಣಂಗಿಲ್ಲಂತ!”

ಅಶ್ವಿನಿ ಹತ್ತಿರ ಬಂದು ನಿಂತಳು. ಮೀನಿನ ವಾಸನೆಯಿಂದ, ಬಳೆಯ ಸದ್ದಿನಿಂದ ಅವಳೆಂದು ತಿಳಿಯಿತು. “ಎಲ್ಲಾರೂ ಸುಮ್ಮನ ನಿಂದರ್ರಿ,” ಅಂದಳು. “ಚಾಚಾ, ಈ ಕಡೆ ನೋಡ್ರಿ. ಎಷ್ಟ ಬಟ್ಟ ಅದಾವ ಹೇಳ್ರಿ.”

ಕಾಣಂಗಿಲ್ಲವ್ವಾ ಅಂದರೆ ಆಯಿತು, ಒಂದೇ ಮಾತು. ಆದರೆ ಎಂಬತ್ತು ಮನೆಯ ಜನ ತನ್ನ ಮುಖವನ್ನೇ ನೋಡುತ್ತಿದ್ದಾರೆಂಬುದು ಅವನ ಚರ್ಮಕ್ಕೆ ತಿಳಿಯುತ್ತಿತ್ತು, ಎದೆ ತಾನೇ ಅಗಲವಾಯಿತು, ಕತ್ತು ತಾನೇ ನೆಟ್ಟಗಾಯಿತು. ಯಾರಾದರೂ ಬೆರಳು ತೋರಿಸಿದರೆ ಸಾಮಾನ್ಯವಾಗಿ ಎಷ್ಟು ತೋರಿಸುತ್ತಾರೆ? ಒಂದಲ್ಲ, ಐದಲ್ಲ. ಅವನಿಗೆ ಅದು ಯೋಚನೆಯೂ ಆಗಿರಲಿಲ್ಲ, ಎರಡು ವರ್ಷದ ಅಭ್ಯಾಸ.

“ಮೂರು,” ಅಂದ.

ಯಾರೂ ಮಾತಾಡಲಿಲ್ಲ. ಗೆದ್ದೆನೆಂದು ಅವನಿಗೆ ಒಂದು ಕ್ಷಣ ಅನ್ನಿಸಿಯೂಬಿಟ್ಟಿತು, ಅನ್ನಿಸಿದ್ದೇ ತಡ, ಅಯ್ಯೋ ಏನು ಹೇಳಿಬಿಟ್ಟೆ, ಇನ್ನು ಇವರು ನಂಬುವುದಿಲ್ಲ, ಆ ಬಡವನ ಕೈ ಮುರಿಯುತ್ತಾರೆ ಎಂದು ಬಾಯಿ ತೆರೆದ. ಅಷ್ಟರಲ್ಲಿ ಅಶ್ವಿನಿಯ ದನಿ ಬಂತು, ಅವಳದೇ ಅಲ್ಲವೆಂಬಷ್ಟು ಸಣ್ಣಗೆ.

“ಚಾಚಾ, ನಾ ಕೈ ಎತ್ತೇ ಇಲ್ರಿ.”

ಭೀಮಶಿ ದೇವುನ ಕೊರಳಪಟ್ಟಿ ಬಿಟ್ಟ.